ದೋಸೆ ನಮ್ಮದು, ನೆಲ ಪರರದು

ತಮ್ಮನ ಮಗ ಈ ಸಲ ದೀಪಾವಳಿಗೆ ಊರಿಗೆ ಬಂದವನು ಎಣ್ಣೆಸ್ನಾನ ಮುಗಿಸಿ, ಜಗಲಿಯಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ವಿಷಯ ತೆಗೆದ. "ದೊಡ್ಡಪ್ಪಯ್ಯ, ಕೆಲ್ಸ ಬಿಡುದು ಅಂತ ಮಾಡಿದ್ದೆ. ಹೋಟ್ಲ್ ಹಾಕ್ತೆ. ಬೆಂಗ್ಳೂರಂಗೆ ಹಾಕುದಾ, ಇಲ್ಲೇ ಹೈವೇ ಬದಿಗೆ ಹಾಕುದಾ, ನೀವೇ ಹೇಳಿ."

ಒಂಬತ್ತು ವರ್ಷ ಕಂಪ್ಯೂಟರ್ ಕಂಪನಿಯಲ್ಲಿ ದುಡಿದ ಮಾಣಿ. ಲ್ಯಾಪ್‌ಟಾಪ್ ಬಿಚ್ಚಿ ತೋರಿಸಿದ. ನಡುವೆ ಒಂದು ಗೆರೆ, ಎಡಕ್ಕೆ ಪೇಟೆಯ ಅನುಕೂಲ, ಬಲಕ್ಕೆ ಅನಾನುಕೂಲ. ಎಡಗಡೆ: ಗಿರಾಕಿ ಜಾಸ್ತಿ, ದುಡ್ಡು ಓಡಾಡುತ್ತದೆ, ಸಾಮಾನು ಕೈಗೆಟಕುತ್ತದೆ. ಬಲಗಡೆ: ಬಾಡಿಗೆ, ಪೈಪೋಟಿ, ಕೆಲಸದವರ ತಾಪತ್ರಯ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಮ್ಮ ಮನೆಯ ಎರಡು ತಲೆಮಾರಿನ ಲೆಕ್ಕ ಆ ಗೆರೆಯ ಆಚೆ ಈಚೆ ನೆಟ್ಟಗೆ ಕೂರುವಂಥದ್ದಲ್ಲ. ಎಡಗಡೆ ಬರೆದದ್ದು ಕಾಲ ಕಳೆದಂತೆ ಬಲಗಡೆಗೆ ದಾಟಿದ್ದನ್ನು ನಾನು ಕಣ್ಣಾರೆ ಕಂಡವನು. ಉತ್ತರ ಹೇಳುವ ಬದಲು ಕತೆ ಹೇಳಲು ಕೂತೆ. ಒಳಗಿನಿಂದ ಕಾಫಿ ಎರಡು ಸಲ ಬಂತು.

ನಮ್ಮ ಕಡೆ ಬೆಂಗಳೂರಿಗೆ ಹೋಗುವುದಕ್ಕೆ 'ಘಟ್ಟ ಹತ್ತುವುದು' ಎನ್ನುತ್ತಾರೆ. ಕೋಟ, ಸಾಲಿಗ್ರಾಮ, ಪಾರಂಪಳ್ಳಿ, ಕುಂದಾಪುರದ ಈ ಪಟ್ಟಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಘಟ್ಟದ ಮೇಲಿನದು ಮೈಸೂರು ಸೀಮೆ. 1956ರಲ್ಲಿ ರಾಜ್ಯ ಒಂದಾಗುವವರೆಗೆ ಬೆಂಗಳೂರು ನಮಗೆ ಬೇರೆ ಸರಕಾರದ ಊರು. ಭಾಷೆ ಒಂದೇ ಆದರೂ ನಾವು ಬಾಯಿ ತೆಗೆದರೆ ಅಲ್ಲಿನವರಿಗೆ ನಗು ಬರುತ್ತಿತ್ತು. ಅಷ್ಟಾದರೂ ಹೋದರು, ಏಕೆಂದರೆ ಇಲ್ಲಿ ಗದ್ದೆ ಸಣ್ಣದು, ಮಕ್ಕಳು ಹೆಚ್ಚು. ಮಳೆಗಾಲದ ನಾಲ್ಕು ತಿಂಗಳು ಹೊರಗೆ ಕಾಲಿಡುವ ಹಾಗಿಲ್ಲ. ಮನೆಗೊಬ್ಬ ಪುರೋಹಿತನಾದರೆ ದಕ್ಷಿಣೆ ಕೊಡುವವರು ಯಾರು? ಕೈಯಲ್ಲಿದ್ದ ಒಂದೇ ವಿದ್ಯೆ ಸಮಾರಾಧನೆಯ ಅಡುಗೆ. ಇನ್ನೂರು ಎಲೆಗೆ ಎಷ್ಟು ಹುಳಿ, ಎಷ್ಟು ಅಕ್ಕಿ, ಎಷ್ಟು ಬೆಲ್ಲ ಎನ್ನುವ ಅಂದಾಜು ಹದಿನೈದರ ಹುಡುಗನಿಗೂ ಇತ್ತು. ಆ ಅಂದಾಜನ್ನೇ ಗಂಟು ಕಟ್ಟಿಕೊಂಡು ಘಟ್ಟ ಹತ್ತಿದರು.

ಪಾರಂಪಳ್ಳಿಯ ಪರಮೇಶ್ವರ ಮಯ್ಯರು ಸೋದರರ ಜತೆ ಸೇರಿ 1924ರಲ್ಲಿ ಬೆಂಗಳೂರಿನಲ್ಲಿ ಒಂದು ಕಾಫಿ ಕ್ಲಬ್ ತೆರೆದರು. ಇವತ್ತು ಲಾಲ್‌ಬಾಗ್ ಹತ್ತಿರ ಜನ ಸಾಲುಗಟ್ಟಿ ನಿಲ್ಲುವ ಎಂಟಿಆರ್ ಅದೇ. 1943ರಲ್ಲಿ ಸಾಲಿಗ್ರಾಮ ಕಡೆಯ ಉರಾಳರು ಗಾಂಧಿಬಜಾರಿನಲ್ಲಿ ವಿದ್ಯಾರ್ಥಿ ಭವನ ಶುರು ಮಾಡಿದರು. ಹತ್ತಿರದ ಶಾಲೆಯ ಹುಡುಗರೇ ಗಿರಾಕಿಗಳು, ಅದಕ್ಕೇ ಆ ಹೆಸರು. ಉಡುಪಿ ಕಡೆಯ ಕೃಷ್ಣರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ರಾಮ ನಾಯಕರ ಊಟದ ಹೋಟೆಲು ಬಾಗಿಲು ತೆರೆಯಿತು. ಮುಂಬಯಿಗೆ ಹೋದ ಕರಾವಳಿಯ ಹುಡುಗರು ಹಗಲು ಲೋಟ ತೊಳೆದು ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಮೆಟ್ರಿಕ್ ಮಾಡಿಕೊಂಡರು. ಕಾರಂತರ 'ಮರಳಿ ಮಣ್ಣಿಗೆ' ಓದಿದವರಿಗೆ ಹೋಟೆಲಿನ ದುಡ್ಡು ಊರಿಗೆ ಬಂದು ಏನೇನು ಮಾಡಿತೆಂಬುದನ್ನು ನಾನು ಹೇಳಬೇಕಾಗಿಲ್ಲ.

ಪೇಟೆಯಲ್ಲಿ ಏನಿತ್ತು? ಮನೆ ಬಿಟ್ಟು ಬಂದ ಗಂಡಸರ ಹಸಿವು ಇತ್ತು. 1898ರ ಪ್ಲೇಗಿನ ನಂತರ ಬೆಂಗಳೂರು ಹಳೇ ಪೇಟೆಯ ಗಲ್ಲಿಗಳಿಂದ ಬಸವನಗುಡಿಗೆ, ಮಲ್ಲೇಶ್ವರಕ್ಕೆ ಹರಡಿತು. ಮನೆಗೂ ಕಚೇರಿಗೂ ನಡುವೆ ದೂರ ಬೆಳೆಯಿತು, ಆ ದೂರದಲ್ಲಿ ಒಂದು ಕಾಫಿ ಬೇಕಾಯಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. 1941ರ ಜನಗಣತಿಯಲ್ಲಿ ನಾಲ್ಕು ಲಕ್ಷ ಚಿಲ್ಲರೆ ಇದ್ದ ಊರು 1951ರಲ್ಲಿ ಎಂಟು ಲಕ್ಷದ ಹತ್ತಿರ ಬಂದಿತ್ತು. ಹತ್ತೇ ವರ್ಷದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ವಠಾರದ ಒಂದು ಕೋಣೆಯಲ್ಲಿ ನಾಲ್ಕು ಜನ ಮಲಗುವ ಬ್ರಹ್ಮಚಾರಿಗಳಿಗೆ ಒಲೆ ಹಚ್ಚಲು ಜಾಗವೂ ಇಲ್ಲ, ಪುರಸೊತ್ತೂ ಇಲ್ಲ. ಹಳ್ಳಿಯಲ್ಲಿ ಹೋಟೆಲು ಹಾಕಿದರೆ ಬರುವವನು ನೆಂಟ. ಕಾಸು ಕೇಳಿದರೆ ಮುಖ ಊದಿಸುತ್ತಾನೆ. ಪೇಟೆಯಲ್ಲಿ ಬರುವವನು ಅಪರಿಚಿತ. ತಿಂದು ಕಾಸು ಇಟ್ಟು ಹೋಗುತ್ತಾನೆ. ಕಾಸು ಕೇಳಲು ನಾಚಿಕೆ ಪಡಬೇಕಾಗಿಲ್ಲ ಎನ್ನುವುದೇ ಪೇಟೆಯ ಮೊದಲ ಲಾಭ ಎಂದು ಅಪ್ಪಯ್ಯ ಹೇಳುತ್ತಿದ್ದರು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಮಯ್ಯರ ಕ್ಲಬ್ಬಿನ ಮೊದಲ ಹೆಸರಿನಲ್ಲೇ 'ಬ್ರಾಹ್ಮಣ' ಎಂದಿತ್ತು. ಆ ಕಾಲದ ಎಷ್ಟೋ ಹೋಟೆಲುಗಳ ಬೋರ್ಡಿನಲ್ಲಿ ಆ ಶಬ್ದವಿತ್ತು, ಒಳಗೆ ಜಾತಿಗೊಂದು ಕೋಣೆಯೂ ಇರುತ್ತಿತ್ತು. ಬ್ರಾಹ್ಮಣ ಬೇಯಿಸಿದ್ದನ್ನು ಯಾರು ಬೇಕಾದರೂ ಉಣ್ಣಬಹುದು ಎನ್ನುವ ನಂಬಿಕೆಯಿಂದ ಗಿರಾಕಿ ಬಂದ. ಅಂದರೆ ನಮ್ಮ ಭಟ್ಟರ ಹೆಗಲ ಮೇಲಿನ ಜನಿವಾರವೂ ಬಂಡವಾಳವೇ. ಅದೇ ಪೇಟೆಯಲ್ಲಿ ಅಷ್ಟೇ ರುಚಿಯಾಗಿ ಬೇಯಿಸಬಲ್ಲ ಬೇರೆ ಜಾತಿಯವನಿಗೆ ಆ ಬಂಡವಾಳ ಇರಲಿಲ್ಲ. ದಲಿತನಿಗಂತೂ ಬಾಗಿಲೇ ಇರಲಿಲ್ಲ. ಅಂಗಡಿ, ಹೋಟೆಲಿನ ಒಳಕ್ಕೆ ಯಾರನ್ನೂ ಜಾತಿ ನೋಡಿ ತಡೆಯಬಾರದೆಂದು 1950ರ ಸಂವಿಧಾನ 15ನೇ ವಿಧಿಯಲ್ಲಿ ಬರೆಯಬೇಕಾಯಿತು. ಪೇಟೆ ಎಲ್ಲರಿಗೂ ಸಮ ಎಂದು ನಮ್ಮವರು ಭಾಷಣ ಮಾಡುವಾಗ ನಾನು ಸುಮ್ಮನೆ ಎಲೆಯಡಿಕೆ ಹಾಕಿಕೊಳ್ಳುತ್ತೇನೆ.

ಅಪ್ಪಯ್ಯ ಘಟ್ಟ ಹತ್ತಿದ್ದು 1946ರಲ್ಲಿ, ಹನ್ನೊಂದು ವರ್ಷದ ಮಾಣಿ. ಹೆಬ್ರಿ ದಾಟಿ, ಆಗುಂಬೆ ಹತ್ತಿ, ತೀರ್ಥಹಳ್ಳಿಯ ಮೇಲೆ ಶಿವಮೊಗ್ಗ, ಅಲ್ಲಿಂದ ರೈಲು. ಕೈಯಲ್ಲಿ ಒಂದು ಬಟ್ಟೆಗಂಟು, ಅದರಲ್ಲಿ ಅಜ್ಜಿ ಕಟ್ಟಿಕೊಟ್ಟ ಹುರಿದ ಹಲಸಿನ ಬೀಜ. ಸೇರಿದ್ದು ಊರಿನವರೇ ನಡೆಸುತ್ತಿದ್ದ ಸಣ್ಣ ಹೋಟೆಲಿಗೆ. ಮೊದಲು ಲೋಟ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈ. ಬೆಳಗಿನ ಜಾವ ಎದ್ದು ಒರಳಿನ ಮುಂದೆ ಕೂತರೆ ಉದ್ದು ಹೂವಿನ ಹಾಗೆ ಉಬ್ಬುವವರೆಗೆ ಏಳುವಂತಿಲ್ಲ. ಮಲಗುವುದು ಅಕ್ಕಿಮೂಟೆಯ ಮೇಲೆ. ಸಂಬಳ ಅವರ ಕೈಗೆ ಬರುತ್ತಿರಲಿಲ್ಲ. ಯಜಮಾನರು ನೇರ ಊರಿಗೆ ಮನಿಆರ್ಡರ್ ಮಾಡುತ್ತಿದ್ದರು. ಹುಡುಗ ಕೆಟ್ಟದಾರಿ ಹಿಡಿಯಬಾರದೆಂಬ ಕಾಳಜಿ ಅದರಲ್ಲಿತ್ತು, ಓಡಿಹೋಗದ ಹಾಗೆ ಕಟ್ಟಿಹಾಕುವ ಜಾಣತನವೂ ಇತ್ತು. ದೋಸೆಕಲ್ಲಿನ ಮುಂದೆ ನಿಲ್ಲುವ ಹೊತ್ತಿಗೆ ಅಪ್ಪಯ್ಯನಿಗೆ ಹತ್ತೊಂಬತ್ತು. ಗಲ್ಲಾದಲ್ಲಿ ಕೂರುವಾಗ ಇಪ್ಪತ್ತನಾಲ್ಕು. ಬಿಸಿನೆಸ್ ಕಲಿಸುವ ಕಾಲೇಜು ಅದು, ಪದವಿಗೆ ಹದಿಮೂರು ವರ್ಷ.

ಸ್ವಂತಕ್ಕೆ ಹೋಟೆಲು ಹಾಕಬೇಕೆಂದು ಹೊರಟಾಗ ಅಪ್ಪಯ್ಯ ಮಾಡಿದ ಮೊದಲ ಕೆಲಸವನ್ನು ನಾನು ಮಾಣಿಗೆ ಸ್ವಲ್ಪ ಬಿಡಿಸಿಯೇ ಹೇಳಿದೆ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಜಾಗ ಕಂಡಿತ್ತು. ಅದರ ಎದುರಿಗೆ ಅರಳಿಕಟ್ಟೆ. ಎಡಜೇಬಿನ ತುಂಬ ಹುಣಿಸೆಬೀಜ ಹಾಕಿಕೊಂಡು ಬೆಳಿಗ್ಗೆ ಆರಕ್ಕೆ ಆ ಕಟ್ಟೆಯ ಮೇಲೆ ಕೂತರು. ಒಬ್ಬನೇ ನಡೆದು ಹೋಗುವ ಗಂಡಸು ಕಂಡರೆ ಒಂದು ಬೀಜ ಬಲಜೇಬಿಗೆ. ಕೈಯಲ್ಲಿ ಊಟದ ಡಬ್ಬಿ ಇದ್ದವನಿಗೆ ಬೀಜ ಇಲ್ಲ. ಹೆಂಗಸರಿಗೂ ಇಲ್ಲ, ಆಗ ಹೆಂಗಸರು ಒಬ್ಬರೇ ಹೋಟೆಲಿಗೆ ಬರುವ ರೂಢಿ ಇರಲಿಲ್ಲ, ಬಂದರೆ ಪರದೆ ಹಾಕಿದ ಫ್ಯಾಮಿಲಿ ರೂಮು ಬೇಕು, ಅಷ್ಟು ಜಾಗ ಇರಲಿಲ್ಲ. ಒಂಬತ್ತಕ್ಕೆ ಎದ್ದು ಬಲಜೇಬಿನ ಬೀಜ ಎಣಿಸಿದರು. ಮೂರು ದಿನ ಹೀಗೆ. ಸೋಮವಾರ ಒಂದು, ಶನಿವಾರ ಒಂದು, ಮಳೆ ಬಂದ ದಿನ ಒಂದು. ಮೊದಲ ದಿನ ನಾನೂರರ ಮೇಲೆ, ಮಳೆಯ ದಿನ ನೂರೆಂಬತ್ತು. ನೂರು ಬೀಜಕ್ಕೆ ಹತ್ತು ಕಾಫಿ ಎಂಬುದು ಅವರ ಸೂತ್ರ. ಮಳೆಯ ದಿನದ ಲೆಕ್ಕದಲ್ಲೂ ಬಾಡಿಗೆ ಹುಟ್ಟುತ್ತದೆ ಎಂದು ಖಾತ್ರಿ ಆದ ಮೇಲೆ ಕೈ ಹಾಕಿದರು. 1962ರಲ್ಲಿ ಗಣಹೋಮ ಮಾಡಿ ಬಾಗಿಲು ತೆರೆದರು. ಎಂಟು ಟೇಬಲ್. ಬಾಡಿಗೆ ತಿಂಗಳಿಗೆ ನೂರಹತ್ತು ರೂಪಾಯಿ.

ದುಡ್ಡು ಎಲ್ಲಿಂದ? ಅರ್ಧ ಚೀಟಿಯಿಂದ, ಹೋಟೆಲಿನವರೇ ಹದಿನೈದು ಜನ ಸೇರಿ ನಡೆಸುತ್ತಿದ್ದ ಚೀಟಿ. ಉಳಿದದ್ದು ಉದ್ರಿ. ತರಗುಪೇಟೆಯ ಮಂಡಿಯ ಸಾಹುಕಾರರು ಅಪ್ಪಯ್ಯನ ಹಳೇ ಯಜಮಾನರ ಮುಖ ನೋಡಿ ಅಕ್ಕಿ, ಉದ್ದು, ತೊಗರಿ ಹದಿನೈದು ದಿನದ ವಾಯಿದೆಯಲ್ಲಿ ಕೊಟ್ಟರು. ಬೆಳಿಗ್ಗೆ ತಂದ ಬೇಳೆ ಸಂಜೆಯೊಳಗೆ ನಗದಾಗುತ್ತದೆ; ಹದಿನಾಲ್ಕು ದಿನ ಸಾಹುಕಾರರ ದುಡ್ಡು ನಮ್ಮ ಗಲ್ಲಾದಲ್ಲಿ ಆಡುತ್ತದೆ. ಈ ಅನುಕೂಲ ಹಳ್ಳಿಯಲ್ಲಿ ಎಲ್ಲಿ ಸಿಗುತ್ತಿತ್ತು? ಪೇಟೆಯ ಲಾಭವೆಂದರೆ ಬರೇ ಗಿರಾಕಿಯಲ್ಲ. ಪಕ್ಕದ ಬೀದಿಯಲ್ಲೇ ಮಂಡಿ, ಅದರ ಪಕ್ಕದಲ್ಲಿ ಪಾತ್ರೆಯವನು, ಅದರಾಚೆ ಕಲಾಯಿ ಹಾಕುವವನು. ಒಬ್ಬ ಭಟ್ಟರು ಕೈಕೊಟ್ಟರೆ ಸಂಜೆಯೊಳಗೆ ಇನ್ನೊಬ್ಬರು. ಎದುರಿಗೆ ಇನ್ನೊಂದು ಹೋಟೆಲು ಬಂದಾಗ ನಾನು ಕಂಗಾಲಾಗಿದ್ದೆ. ಅಪ್ಪಯ್ಯ ನಕ್ಕರು. "ಒಂದು ಅಂಗಡಿ ಇದ್ರೆ ಅದು ಅಂಗಡಿ, ನಾಕು ಇದ್ರೆ ಅದು ಪೇಟೆ" ಎಂದರು. ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿಯ ಪಕ್ಕ ಸೀರೆ ಅಂಗಡಿಯೇ ಇರುವುದು ಏಕೆಂದು ಆಗ ತಿಳಿಯಿತು.

ಇದು ಎಡಗಡೆಯ ಕಾಲಂ. ಈಗ ಬಲಗಡೆ.

ಪೇಟೆಯಲ್ಲಿ ಅಂಗಡಿ ಹಾಕಿದವನು ಸರಕಾರದ ಕಣ್ಣಿಗೆ ಬೇಗ ಬೀಳುತ್ತಾನೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರ ಬಂದಾಗಲೇ ರವೆ ಇಡ್ಲಿ ಹುಟ್ಟಿತೆಂದು ಎಂಟಿಆರ್‌ನವರು ಹೇಳುತ್ತಾರೆ. ಎಮರ್ಜೆನ್ಸಿಯಲ್ಲಿ ಬಂದ ಬೆಲೆ ನಿಯಂತ್ರಣವನ್ನು ನಾನೇ ಕಂಡಿದ್ದೇನೆ. ಇಡ್ಲಿಗೆ ಇಷ್ಟು, ದೋಸೆಗೆ ಇಷ್ಟು, ಕಾಫಿಗೆ ಇಷ್ಟು, ಅದರ ಮೇಲೆ ಒಂದು ಪೈಸೆ ಇಲ್ಲ. ತುಪ್ಪದ ಗುಣ ಇಳಿಸಲು ಎಂಟಿಆರ್‌ನ ಮಯ್ಯರು ಒಪ್ಪಲಿಲ್ಲ. ಆ ಬೆಲೆಗೇ ಮಾರಿ, ದಿನದ ನಷ್ಟ ಎಷ್ಟೆಂದು ಹೊರಗೆ ಬೋರ್ಡಿನಲ್ಲಿ ಬರೆದು ಹಾಕಿದರಂತೆ. ಕಡೆಗೆ ಹೋಟೆಲು ಮುಚ್ಚಿ, ಅದೇ ರವೆ ಇಡ್ಲಿಯ ಹಿಟ್ಟು, ಮಸಾಲೆ ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರಲು ಹೊರಟರು. ಹೋಟೆಲು ಆಮೇಲೆ ಮತ್ತೆ ತೆರೆಯಿತು, ಪೊಟ್ಟಣವಂತೂ ದೇಶ ಸುತ್ತಿತು. ನಷ್ಟದ ಬಾಗಿಲಿನಿಂದ ಲಾಭ ಒಳಬಂದ ಇಂಥ ಪ್ರಸಂಗ ನೂರಕ್ಕೊಂದು. ಉಳಿದ ತೊಂಬತ್ತೊಂಬತ್ತು ಜನ ನಮ್ಮ ಹಾಗೆ. ಅಪ್ಪಯ್ಯ ಅವೆನ್ಯೂ ರಸ್ತೆಗೆ ಹೋಗಿ ಹೊಸ ಇಡ್ಲಿ ತಟ್ಟೆ ತಂದರು. ಕುಳಿಯ ಆಳ ಹಳೆಯದಕ್ಕಿಂತ ತುಸು ಕಡಿಮೆ. ಗಿರಾಕಿಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದೆವು. ಒಬ್ಬ ಮೇಷ್ಟ್ರು ಮಾತ್ರ ಇಡ್ಲಿಯನ್ನು ಬೆರಳಲ್ಲಿ ಅಳೆದು, "ರಾಯರೇ, ಇದಕ್ಕೂ ಎಮರ್ಜೆನ್ಸಿಯೇ?" ಎಂದು ಕೇಳಿದ್ದರು.

ಆದರೆ ಪೇಟೆಯ ನಿಜವಾದ ಪೆಟ್ಟು ಬೆಲೆಯದ್ದಲ್ಲ, ನೆಲದ್ದು. ಅದನ್ನು ಹೇಳುವ ಮುಂಚೆ ಊರಿನ ನೆಲದ ಕತೆ ಬೇಕು.

ನಮ್ಮ ಕಡೆಯ ಹೋಟೆಲಿನವರಿಗೆ ಪೇಟೆ ದುಡಿಯುವ ಜಾಗ, ಬದುಕುವ ಜಾಗವಲ್ಲ. ಗಳಿಸಿದ್ದು ಊರಿಗೆ. ಅಪ್ಪಯ್ಯ 1968ರಲ್ಲಿ ಸಾಲಿಗ್ರಾಮದ ಹತ್ತಿರ ಒಂದೂವರೆ ಎಕರೆ ಗದ್ದೆ ಕೊಂಡು ಗೇಣಿಗೆ ಕೊಟ್ಟರು. ಚಾಮರಾಜಪೇಟೆಯಲ್ಲಿ ಆಗ ಅದೇ ದುಡ್ಡಿಗೆ ಒಂದು ಸೈಟು ಬರುತ್ತಿತ್ತು. ಅದು ಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ. 1974ರ ಮಾರ್ಚ್ 1ರಂದು ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಸರಕಾರಕ್ಕೆ ಸೇರಿ, ಉತ್ತವನಿಗೆ ಹಕ್ಕು ಬಂತು. ನಮ್ಮ ಒಕ್ಕಲು ಡಿಕ್ಲರೇಷನ್ ಕೊಟ್ಟ, ಗದ್ದೆ ಅವನದಾಯಿತು. ಅಮ್ಮ ಅತ್ತಳು. ಅಪ್ಪಯ್ಯ ಗಲ್ಲಾದ ಹಿಂದೆ ಕೂತು ಬಹಳ ಹೊತ್ತು ಚಿಲ್ಲರೆ ಎಣಿಸಿದರು. ಕಡೆಗೆ, "ಗದ್ದೆಗೆ ಇಳ್ದವ ಅವ. ನಾನ್ ಇಳೀಲಿಲ್ಲ" ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ. ಹಾಗೆ ಗೇಣಿ ಕಳೆದುಕೊಂಡ ಎಷ್ಟೋ ಮನೆಗಳ ಮಕ್ಕಳು, ಬಂಟರು, ಬ್ರಾಹ್ಮಣರು ಎನ್ನದೆ ಆಮೇಲೆ ಘಟ್ಟ ಹತ್ತಿದರು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಬೆಂಗಳೂರು, ಮುಂಬಯಿಯಲ್ಲಿ ಎದ್ದ ಹೋಟೆಲುಗಳಲ್ಲಿ ಅವರದೂ ಒಂದು ಪಾಲಿದೆ.

ಗೇಣಿದಾರನನ್ನು ಕಾಪಾಡುವ ಆ ಕಾನೂನಿನ ಮೂಲ ಕಾಯ್ದೆ 1961ರದು. ಬಾಡಿಗೆದಾರನನ್ನು ಕಾಪಾಡುವ ಬಾಡಿಗೆ ನಿಯಂತ್ರಣ ಕಾಯ್ದೆಯೂ 1961ರದೇ. ಒಂದೇ ವರ್ಷದ ಎರಡು ಕಾಯ್ದೆಗಳಲ್ಲಿ ಒಂದು ಊರಿನಲ್ಲಿ ನಮ್ಮ ಗದ್ದೆ ತೆಗೆಯಿತು, ಇನ್ನೊಂದು ಪೇಟೆಯಲ್ಲಿ ನಮ್ಮ ಹೋಟೆಲು ಉಳಿಸಿತು. ಬೆಂಗಳೂರಿನ ಹಳೇ ಹೋಟೆಲುಗಳು ಇಪ್ಪತ್ತು ಮೂವತ್ತು ವರ್ಷ ಹಳೇ ಬಾಡಿಗೆಗೇ ನಡೆದದ್ದು, ಕಾಫಿ ಅಗ್ಗವಾಗಿ ಸಿಕ್ಕಿದ್ದು, ಒಂದು ಬೈಟು ಹಿಡಿದು ಎರಡು ತಾಸು ಸಾಹಿತ್ಯ ಮಾತಾಡಲು ಆದದ್ದು ಈ ಕಾಯ್ದೆಯ ನೆರಳಿನಲ್ಲಿ. ಕಟ್ಟಡದವನಿಗೆ ಮಾತ್ರ ಹೊಟ್ಟೆಯುರಿ. ಅದರಲ್ಲೂ ನ್ಯಾಯ ಇಲ್ಲದಿಲ್ಲ. ಹೊಸಬನಿಗೆ ಜಾಗ ಬೇಕಿದ್ದರೆ ಪಗಡಿ ಕೊಡಬೇಕಿತ್ತು, ರಸೀದಿ ಇಲ್ಲದ ದುಡ್ಡು.

ಆ ಕಾಯ್ದೆ ಹೋಗಿ, 1999ರ ಹೊಸ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂತು. ಅದರಲ್ಲಿ ವಾಸಕ್ಕಲ್ಲದ ಕಟ್ಟಡ ಹದಿನಾಲ್ಕು ಚದರ ಮೀಟರ್ ಮೀರಿದರೆ ಕಾಯ್ದೆಯ ರಕ್ಷಣೆ ಇಲ್ಲ. ಹದಿನಾಲ್ಕು ಚದರ ಮೀಟರ್ ಅಂದರೆ ನೂರೈವತ್ತು ಚದರ ಅಡಿ. ಬೀಡಾ ಅಂಗಡಿ ಉಳಿಯುತ್ತದೆ, ಎಂಟು ಟೇಬಲಿನ ಹೋಟೆಲು ಉಳಿಯುವುದಿಲ್ಲ. ಕಟ್ಟಡದ ಹಳೇ ಯಜಮಾನರು ತೀರಿಕೊಂಡು ಅದು ಅವರ ಮಕ್ಕಳ ಕೈಗೆ ಬಂದಿತ್ತು. ಅವರು ಕೆಟ್ಟವರಲ್ಲ, ಚಿಕ್ಕಂದಿನಲ್ಲಿ ನಮ್ಮಲ್ಲೇ ಶ್ಯಾವಿಗೆ ಬಾತು ತಿಂದು ಶಾಲೆಗೆ ಹೋದವರು. ಕಾಂಪ್ಲೆಕ್ಸ್ ಕಟ್ಟಬೇಕಿತ್ತು, ಬಿಡಿ ಎಂದರು. ಕೋರ್ಟಿಗೆ ಅಲೆದೆವು. 2008ರ ಚೈತ್ರದಲ್ಲಿ ಬಿಟ್ಟೆವು. ನಲವತ್ತಾರು ವರ್ಷ ಉತ್ತ ನೆಲ. ಕೊನೆಯ ದಿನ ದೋಸೆಕಲ್ಲಿನ ಒಲೆ ಆರಿಸಿದ ಮೇಲೂ ಕಲ್ಲು ಮಧ್ಯಾಹ್ನದವರೆಗೆ ಬಿಸಿಯಾಗಿಯೇ ಇತ್ತು. ಲಾರಿಯವನು ಗೋಣಿ ಸುತ್ತಿ ಎತ್ತಿದ. ಊರಿನಲ್ಲಿ ಒಡೆಯನಾಗಿ ನೆಲ ಕಳೆದುಕೊಂಡವರು ಪೇಟೆಯಲ್ಲಿ ಒಕ್ಕಲಾಗಿ ನೆಲ ಕಳೆದುಕೊಂಡೆವು. ಅಪ್ಪಯ್ಯ ಬದುಕಿದ್ದರೆ ಏನು ಹೇಳುತ್ತಿದ್ದರೋ. ನನಗೆ ಮಾತ್ರ ಆ ದಿನ ನಮ್ಮ ಹಳೇ ಒಕ್ಕಲಿನ ಮುಖ ಕಣ್ಣಿಗೆ ಬಂತು. 1974ರಲ್ಲಿ ಕಾನೂನು ಅವನ ಕೈ ಹಿಡಿಯದೇ ಇದ್ದಿದ್ದರೆ ಅವನ ಗತಿಯೂ ಹೀಗೇ ಆಗುತ್ತಿತ್ತು.

ಇಷ್ಟು ಕೇಳಿದ ಮೇಲೆ ಮಾಣಿ, "ಹಾಂಗಾರೆ ಬೆಂಗ್ಳೂರು ಬೇಡ ಅಂತಲಾ?" ಎಂದ. ಹಾಗಲ್ಲ ಎಂದೆ. ಬಾಡಿಗೆ ಏರಿದಂತೆ ವ್ಯಾಪಾರವೂ ರೂಪ ಬದಲಿಸಿತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ. ಟೋಕನ್ ತಗೊಂಡು ನಿಂತು ತಿನ್ನಬೇಕು. ನಾವು ಗೇಲಿ ಮಾಡಿದ್ದೆವು. ಆದರೆ ಲೆಕ್ಕ ಅವರದೇ ಸರಿ. ಕೂತವನು ಅರ್ಧ ತಾಸು ನೆಲ ಹಿಡಿಯುತ್ತಾನೆ, ನಿಂತವನು ಹತ್ತು ನಿಮಿಷ. ನೆಲ ದುಬಾರಿಯಾದ ಊರಿನಲ್ಲಿ ಮಾರಬೇಕಾದದ್ದು ದೋಸೆಯನ್ನಲ್ಲ, ನಿಲ್ಲುವ ಜಾಗದ ನಿಮಿಷಗಳನ್ನು ಎಂದು ಅವರಿಗೆ ಮೊದಲು ಹೊಳೆಯಿತು.

ಊರಿನಲ್ಲಿ ಹಾಕಿದರೋ? ಜಾಗ ನಮ್ಮದೇ ಇದೆ, ರಾಷ್ಟ್ರೀಯ ಹೆದ್ದಾರಿ 66ರ ಬದಿಗೆ ಹತ್ತು ಸೆಂಟ್ಸ್. ಬಿಡಿಸುವವರು ಯಾರೂ ಇಲ್ಲ. ಆದರೆ ಚತುಷ್ಪಥ ಆದ ಮೇಲೆ ಕಾರುಗಳು ಸಾಸ್ತಾನದ ಟೋಲಿನಲ್ಲಿ ನಿಂತರೆ ನಿಂತವು, ಇಲ್ಲದಿದ್ದರೆ ಇಲ್ಲ. ಕೆಲಸಕ್ಕೆ ಮಾಣಿಗಳು ಸಿಗುವುದಿಲ್ಲ. ಒಂದು ಕಾಲಕ್ಕೆ ಬೆಂಗಳೂರಿಗೆಲ್ಲ ಅಡುಗೆಯವರನ್ನು ಕಳಿಸಿದ ಊರಿನಲ್ಲಿ ಇವತ್ತು ಒಡಿಶಾದ ಹುಡುಗ ನೀರುದೋಸೆ ಹೊಯ್ಯುತ್ತಾನೆ. ಚೆನ್ನಾಗಿಯೇ ಹೊಯ್ಯುತ್ತಾನೆ. ಅವನೂ ಅವನ ಘಟ್ಟ ಹತ್ತಿಯೇ ಬಂದವನು. ಮತ್ತೆ, ಇಲ್ಲಿ ಬರುವ ಗಿರಾಕಿಗಳಲ್ಲಿ ಅರ್ಧ ಜನ ಈಗಲೂ ನೆಂಟರೇ.

ಮಾಣಿ ಲ್ಯಾಪ್‌ಟಾಪ್ ಮುಚ್ಚಿದ. ಹೋಗುವಾಗ ಅಮ್ಮನ ಡಬ್ಬಿಯಿಂದ ಒಂದು ಹಿಡಿ ಹುಣಿಸೆಬೀಜ ಜೇಬಿಗೆ ಹಾಕಿಕೊಂಡ, ತಮಾಷೆಗೆ ಎಂದುಕೊಂಡೆ. ಎರಡು ವಾರ ಬಿಟ್ಟು ಬೆಂಗಳೂರಿನಿಂದ ಫೋನ್ ಬಂತು. ಬನಶಂಕರಿ ಕಡೆ ಒಂದು ಜಾಗ ನೋಡಿದ್ದಾನೆ, ಮೆಟ್ರೋ ಸ್ಟೇಷನ್ನಿನಿಂದ ನಡೆಯುವ ದೂರ. ಮೂರು ದಿನ ಎದುರಿನ ಬಸ್‌ಸ್ಟಾಪಿನಲ್ಲಿ ಕೂತು ಎಣಿಸಿದ್ದಾನೆ. ಹೆಂಗಸರಿಗೂ ಬೀಜ ಹಾಕಿದ್ದಾನೆ, ಅರ್ಧಕ್ಕರ್ಧ ಅವರೇ ಅಂತೆ. ಬೆಳಗಿನ ಮೂರು ತಾಸಿಗೆ ಒಂದು ಸಾವಿರದ ಇನ್ನೂರು. ಬೀಜ ಸಾಲದೆ ಮತ್ತೆ ಮತ್ತೆ ಎಡಜೇಬಿಗೆ ತುಂಬಿಕೊಳ್ಳಬೇಕಾಯಿತಂತೆ. ದನಿಯಲ್ಲಿ ಹಿಗ್ಗು ಕೇಳುತ್ತಿತ್ತು.

"ಅಡ್ವಾನ್ಸ್ ಎಷ್ಟ್ ಕೇಳ್ತ್ರ್?"

"ಹತ್ತು ತಿಂಗ್ಳದ್ದು."

"ಕರಾರು?"

"ಹನ್ನೊಂದು ತಿಂಗ್ಳು. ಎಲ್ಲರೂ ಹಾಂಗೇ ಮಾಡುದಂತೆ."

"ಕಟ್ಟಡದ ಯಜಮಾನ್ರಿಗೆ ಮಕ್ಕಳೆಷ್ಟ್?"

ಆ ಕಡೆಯಿಂದ ಸದ್ದಿಲ್ಲ. ಬಸ್ಸೊಂದು ಬ್ರೇಕು ಹಾಕಿದ್ದು ಮಾತ್ರ ಕೇಳಿತು.

"ಅದನ್ ಕೇಳ್ಲಿಲ್ಲ, ದೊಡ್ಡಪ್ಪಯ್ಯ."

"ಬೀಜ ಎಣ್ಸಿದ್ ಸಾಕು. ಅದನ್ ಕೇಳಿ ಬಾ" ಎಂದೆ.